ಕೈ ಸುಮ್ಮನಿರದವರಿಗೆ ಕ್ಯಾಲ್ಸಿಯಂ ರಿಯಾಕ್ಟರಿನ ಕೈಪಿಡಿ

ಅಭಿನಂದನೆಗಳು. ನಿಮ್ಮ ನೆಲಮಾಳಿಗೆಗೆ ಇನ್ನೊಂದು ಯಂತ್ರ ಬಂದಿದೆ. ಪೆಟ್ಟಿಗೆ ಬಿಚ್ಚುವ ಮೊದಲು ಮನೆಯವರಿಗೆ ಬೆಲೆ ಹೇಳಬೇಕಾಗಿಲ್ಲ. ಬಿಚ್ಚಿದ ಮೇಲೆ ಹೇಳುವುದಂತೂ ಬೇಡವೇ ಬೇಡ.

ಯಾರಿಗಾಗಿ: ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ಹವಳದ ತೊಟ್ಟಿ ಇಟ್ಟುಕೊಂಡ ಕನ್ನಡಿಗರಿಗೆ. ಊರಿನಲ್ಲಿರುವ ಅಣ್ಣನಿಗೆ ಇದನ್ನು ಕಳಿಸಬೇಡಿ. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಪಕ್ಕದಲ್ಲೇ ಕೂತಿವೆ. ಹವಳ ನೋಡಲೇಬೇಕೆಂದರೆ ಅಣ್ಣ ಮುರ್ಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗು ಹಾಕಲಿ.

ಯಂತ್ರ ಮಾಡುವುದೇನು: ಹವಳ ತನ್ನ ಮೈಯ ಸುಣ್ಣ ಕಟ್ಟಿಕೊಳ್ಳಲು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎಳೆದುಕೊಳ್ಳುತ್ತದೆ. ಸಮುದ್ರಕ್ಕೆ ಅದು ಲೆಕ್ಕಕ್ಕಿಲ್ಲ, 400 ಲೀಟರಿನ ತೊಟ್ಟಿಗೆ ದಿನವೂ ತೂತು ಬೀಳುವ ಲೆಕ್ಕ. ಅದನ್ನು ತುಂಬಲು ಉದ್ದನೆಯ ಕೊಳವೆಯಲ್ಲಿ ಸತ್ತ ಹವಳದ ಚೂರು ಹಾಕಿ, ತೊಟ್ಟಿಯ ನೀರನ್ನು ಅದರೊಳಗೆ ಸುತ್ತಿಸಿ, ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುತ್ತೇವೆ. ನೀರಿನ ಪಿಎಚ್ 6.6ರ ಆಸುಪಾಸಿಗೆ ಇಳಿದಾಗ ಚೂರು ಕರಗಿ, ಕಟ್ಟಲು ಬೇಕಾದ ಎರಡೂ ಸಾಮಗ್ರಿ ಒಟ್ಟಿಗೆ, ಬೇಕಾದ ಪ್ರಮಾಣದಲ್ಲೇ ಹನಿಹನಿಯಾಗಿ ತೊಟ್ಟಿಗೆ ಬೀಳುತ್ತವೆ. ಅಜ್ಜನ ಮೂಳೆ ಕರಗಿಸಿ ಮೊಮ್ಮಗನಿಗೆ ಕುಡಿಸಿದ ಹಾಗೆ. ನಮ್ಮ ಹೊಗೆಕೊಳವೆಗಳು ಇದೇ ಅನಿಲದಿಂದ ಇಡೀ ಸಮುದ್ರದ ಪಿಎಚ್ಚನ್ನು 8.2ರಿಂದ 8.1ಕ್ಕೆ ಇಳಿಸಿವೆ. ಆ ರಿಯಾಕ್ಟರಿಗೆ ವಾಲ್ವ್ ಇಟ್ಟಿಲ್ಲ.

ಹೊಂದಿಸುವ ವಿಧಾನ: ಮೊದಲ ಹೆಜ್ಜೆ, ರಿಯಾಕ್ಟರ್ ಹಚ್ಚಬೇಡಿ. ಇಂದು ಬೆಳಿಗ್ಗೆ ಎಂಟಕ್ಕೆ ತೊಟ್ಟಿಯ ಕ್ಷಾರತೆ (ನೀರಿನಲ್ಲಿರುವ ಕಾರ್ಬೊನೇಟಿನ ಲೆಕ್ಕ, ಅಳತೆಯ ಮಾನ ಡಿಕೆಎಚ್) ಅಳೆಯಿರಿ, ನಾಳೆ ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ತೊಟ್ಟಿಯ ನೀಲಿ ದೀಪದ ಕೆಳಗೆ ಅಳೆದರೆ ದ್ರಾವಣದ ಬಣ್ಣ ತಿರುಗಿತೋ ಇಲ್ಲವೋ ಬ್ರಹ್ಮನಿಗೂ ಗೊತ್ತಾಗುವುದಿಲ್ಲ, ಅಡುಗೆಮನೆಗೆ ಒಯ್ಯಿರಿ. ನಿನ್ನೆ 8.5 ಡಿಕೆಎಚ್ ಇದ್ದದ್ದು ಇಂದು 7.5 ಆಗಿದ್ದರೆ ನಿಮ್ಮ ಹವಳಗಳ ದಿನದ ಊಟ 1 ಡಿಕೆಎಚ್. ಅದರ ಜೊತೆಗೆ ಸುಮಾರು 7 ಪಿಪಿಎಂ ಕ್ಯಾಲ್ಸಿಯಮ್ಮೂ ಹೋಗಿದೆ. ಅಷ್ಟು ಸಣ್ಣ ಇಳಿತ ಕ್ಯಾಲ್ಸಿಯಂ ಪರೀಕ್ಷೆಯಲ್ಲಿ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ಕ್ಷಾರತೆಯ ಬೆನ್ನು ಹತ್ತುವುದು.

ಈಗ ರಿಯಾಕ್ಟರ್ ಹಚ್ಚಿ, ಒಂದು ದಿನ ಬಿಟ್ಟು, ಹೊರಬರುವ ನೀರನ್ನು ಅಳೆಯಿರಿ. 28 ಡಿಕೆಎಚ್ ಬಂತೆನ್ನಿ. ತೊಟ್ಟಿಯಲ್ಲಿ ಸರಾಸರಿ 8 ಇರುವುದರಿಂದ ಪ್ರತಿ ಲೀಟರೂ ತರುವ ಹೆಚ್ಚುವರಿ 20. 400 ಲೀಟರಿಗೆ ದಿನಕ್ಕೆ 1ರಂತೆ ಬೇಕಾದದ್ದು 400, ಅಂದರೆ ದಿನಕ್ಕೆ 20 ಲೀಟರ್, ನಿಮಿಷಕ್ಕೆ 14 ಮಿಲಿಲೀಟರ್. ಅಳತೆಲೋಟ ಹಿಡಿದು ನಿಮಿಷ ನೋಡಿ ಹನಿ ಹೊಂದಿಸಿ. ಶಾಲೆಯ ತೊಟ್ಟಿ-ನಲ್ಲಿ ಲೆಕ್ಕಗಳು ಯಾತಕ್ಕೆ ಎಂದು ಮೇಷ್ಟ್ರನ್ನು ಬೈದುಕೊಂಡವರು ಇಲ್ಲಿ ಒಮ್ಮೆ ನಿಲ್ಲಬಹುದು.

ಎಚ್ಚರಿಕೆ: ನಿಮ್ಮ ಮುಂದೆ ತಿರುಗಿಸಲು ಎರಡು ವಸ್ತುಗಳಿವೆ, ಅನಿಲದ ಗುಳ್ಳೆಯ ವಾಲ್ವ್ ಮತ್ತು ಹೊರಬೀಳುವ ಹನಿಯ ವಾಲ್ವ್. ಎರಡನ್ನೂ ಒಂದೇ ದಿನ ಮುಟ್ಟಿದರೆ ಯಾವುದು ಏನು ಮಾಡಿತೆಂದು ಯಾರೂ ಹೇಳಲಾರರು. ಹನಿ ಹೆಚ್ಚಿಸಿ ಅನಿಲ ಹೆಚ್ಚಿಸದಿದ್ದರೆ ಒಳಗಿನ ಪಿಎಚ್ ಏರಿ ನೀರು ಸಪ್ಪೆಯಾಗುತ್ತದೆ. ಅನಿಲ ಮಾತ್ರ ಹೆಚ್ಚಿಸಿದರೆ ಚೂರುಗಳು ಕೆಸರಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಒಂದನ್ನು ಒಂದಿಷ್ಟೇ ತಿರುಗಿಸಿ ಎರಡು ದಿನ ಬಿಡಿ. ತೊಟ್ಟಿಯ ಕ್ಷಾರತೆ ದಿನಕ್ಕೆ 1 ಡಿಕೆಎಚ್‌ಗಿಂತ ಹೆಚ್ಚು ಏರುಪೇರಾಗಕೂಡದು. 7.5 ಇದ್ದರೂ ಸರಿ, 9 ಇದ್ದರೂ ಸರಿ, ಇವತ್ತು ಇದ್ದದ್ದು ನಾಳೆಯೂ ಇರಲಿ ಎಂಬುದಷ್ಟೇ ಹವಳದ ಬೇಡಿಕೆ. ಎಲ್ಲೋ ಓದಿದ 8.3ನ್ನೇ ಹಿಡಿಯಬೇಕೆಂದು ಸ್ಕ್ರೂ ಡ್ರೈವರ್ ಹಿಡಿದು ಓಡಾಡುವವನು ಆ ತೊಟ್ಟಿಯ ಅತಿದೊಡ್ಡ ಮಾಲಿನ್ಯ.

ರಾತ್ರಿ ತೊಟ್ಟಿಯ ಪಿಎಚ್ ಇಳಿಯುತ್ತದೆ. ದೀಪ ಆರಿದ ಮೇಲೆ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಬೆಳಗಾದರೆ ತಾನಾಗಿ ಏರುತ್ತದೆ. ನೀವೂ ಮಲಗಿ.

ದೋಷ ಮತ್ತು ಪರಿಹಾರ: ಹನಿ ನಿಂತಿದೆ, ಗುಳ್ಳೆ ಮಾತ್ರ ಬರುತ್ತಿದೆ ಎಂದರೆ ಮೊದಲು ಅನಿಲ ನಿಲ್ಲಿಸಿ, ಆಮೇಲೆ ಕೊಳವೆ ತೊಳೆಯಿರಿ. ಪಿಎಚ್ ಕಡ್ಡಿ ಸುಳ್ಳು ಹೇಳುತ್ತಿರುವ ಅನುಮಾನವಿದ್ದರೆ 4 ಮತ್ತು 7ರ ದ್ರಾವಣಗಳಲ್ಲಿ ಅದ್ದಿ ಪ್ರಮಾಣ ಮಾಡಿಸಿ. ಊರಿನಿಂದ ಬಂದ ಅತ್ತೆ “ಇದರಲ್ಲಿ ಮೀನು ಎಲ್ಲಿ, ಅಳಿಯಂದಿರೇ?” ಎಂದು ಕೇಳಿದರೆ ಕಂಪನಿ ಯಾವ ಪರಿಹಾರವನ್ನೂ ಒದಗಿಸುವುದಿಲ್ಲ.

ಎಲ್ಲವೂ ಸರಿಯಾಗಿ ನಡೆದರೆ ಹವಳ ಬೆಳೆಯುತ್ತದೆ. ಬೆಳೆದ ಹವಳಕ್ಕೆ ಊಟ ಹೆಚ್ಚು ಬೇಕು, ದಿನಕ್ಕೆ 1 ಇದ್ದದ್ದು 2 ಆಗುತ್ತದೆ, 14 ಮಿಲಿಲೀಟರ್ 28 ಆಗುತ್ತದೆ, ಅಷ್ಟು ನೀರಿಗೆ ಸಾಲುವಷ್ಟು ಸುಣ್ಣ ಕರಗಿಸಲು ಕೊಳವೆ ಚಿಕ್ಕದೆನ್ನಿಸುತ್ತದೆ. ಅಂಗಡಿಯವನಿಗೆ ಇದು ನೀವು ಕೊಂಡ ದಿನವೇ ಗೊತ್ತಿತ್ತು. ಈ ಕೈಪಿಡಿಯ ಎರಡನೆಯ ಸಂಪುಟ ದೊಡ್ಡ ರಿಯಾಕ್ಟರಿನ ಪೆಟ್ಟಿಗೆಯಲ್ಲಿರುತ್ತದೆ.