ಓಟಿಪಿ ಮಗನಿಗೆ, ತಲೆನೋವು ಅಪ್ಪನಿಗೆ

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದೇ ಅದರ ಗುಣ ಹೇಳುವ ಹಿರಿಯರಿದ್ದಾರೆ. ಅವರ ಕೈಗೆ ಸಿಗದೆ ಜಾರುವ ವಸ್ತು ಒಂದೇ: ಮೊಬೈಲಿಗೆ ಬರುವ ತೆರಿಗೆ ನಮೂನೆ.

ನಮೂನೆ ಬಂದಿರುತ್ತದೆ, ಬೀಗ ಹಾಕಿಕೊಂಡು. ತೆರಿಗೆ ಕಡಿತದ ಲೆಕ್ಕ ತೋರಿಸುವ 26ಎಎಸ್ ಪಿಡಿಎಫ್‌ಗೆ ಹುಟ್ಟಿದ ತಾರೀಖೇ ಪಾಸ್‌ವರ್ಡ್. ಯಾವ ತಾರೀಖು? ಅವ್ವ ಹೇಳುತ್ತಿದ್ದದ್ದು ಯುಗಾದಿಯ ಮಾರನೇ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಜೂನ್ 1. ಪ್ಯಾನ್ ಕಾರ್ಡು ನಂಬುವುದು ಮೇಷ್ಟ್ರನ್ನು. ಅದೂ ನೆನಪಾಯಿತು ಅನ್ನಿ, ಓಟಿಪಿ ಹೋಗುವುದು ಬೆಂಗಳೂರಿನ ಮಗನ ಫೋನಿಗೆ. ಅವನೋ ಮೀಟಿಂಗಿನಲ್ಲಿ.

ಕಾನೂನಿಗೂ ಕಾಗದದ ಮೇಲೆ ಗುಟ್ಟಾದ ಮಮತೆ. 1961ರ ಆದಾಯ ತೆರಿಗೆ ಕಾಯಿದೆಯ ನಿಯಮಗಳು 80 ದಾಟಿದವರಿಗೆ ಐಟಿಆರ್-1, ಐಟಿಆರ್-4 ರಿಟರ್ನ್ಸನ್ನು ಕಾಗದದಲ್ಲೇ ಕೊಡಲು ಬಿಟ್ಟಿದ್ದವು. 2021ರ ಬಜೆಟ್, 75 ದಾಟಿದವರ ಆದಾಯ ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಮಾತ್ರವಾಗಿದ್ದರೆ ರಿಟರ್ನ್ಸಿನ ತಾಪತ್ರಯವನ್ನೇ ತಪ್ಪಿಸಿತು. ಅದಕ್ಕೆ ಬ್ಯಾಂಕಿಗೆ 12ಬಿಬಿಎ ನಮೂನೆ ಕೊಡಬೇಕಿತ್ತು. ಕಾಗದದಲ್ಲಿ!

ಏಪ್ರಿಲ್ ಬಂದರೆ ಬಡ್ಡಿಗೆ ತೆರಿಗೆ ಹಿಡಿಯಬೇಡಿರೆಂದು ಕೋರುವ ನಮೂನೆಯ ಸರದಿ. “ಆನ್‌ಲೈನಲ್ಲೇ ಕೊಡಬಹುದು ತಾತಾ” ಎಂದು ಮೊಮ್ಮಗಳು ಫೋನು ತೋರಿಸಿದಳು.

“ಸರಿಯಮ್ಮ,” ಎಂದರು ತಾತ, ಚೀಲ ಹುಡುಕುತ್ತಾ, “ಅದಕ್ಕೆ ಸೀಲು ಯಾರು ಹಾಕ್ತಾರೆ?”