‘ನನ್ನನ್ನು ಮದ್ದು ಅನ್ನಬೇಡಿ, ಮಾಷ್ಟ್ರೇ!’

ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ತೂಕಡಿಸಿ ಬಂದಿಳಿಯುವ ಕಾಸರಗೋಡಿನವನಿಗೆ ತಿರುವನಂತಪುರವೆಂದರೆ ರಾಜಧಾನಿಗಿಂತ ಹೆಚ್ಚಾಗಿ ಆಸ್ಪತ್ರೆ. ಭಾವನಿಗೆ ಹೃದಯದ ಕವಾಟ ಬದಲಾಯಿಸಿ ವರ್ಷವಾಗಿತ್ತು. ತಪಾಸಣೆಗೆ ಜೊತೆಗೆ ಬಂದಿದ್ದೆ. ಅವನು ಟೋಕನ್ ಹಿಡಿದು ಶ್ರೀಚಿತ್ರಾದಲ್ಲಿ ಕೂತ ಹೊತ್ತಿಗೆ ನಾನು ಕಾಲು ಸಡಿಲಿಸಲು ಉಳ್ಳೂರ್ ಜಂಕ್ಷನ್ನಿನವರೆಗೆ ನಡೆದೆ. ರಸ್ತೆ ಬದಿಯಲ್ಲಿ ಒಬ್ಬ ಚೇಚಿ ಗೋಣಿ ಹಾಸಿ ಕೆಂಪು ಹರಿವೆ ಮಾರುತ್ತಿದ್ದರು. ಬಾಳೆನಾರಿನಲ್ಲಿ ಬಿಗಿದ ಕಟ್ಟುಗಳು, ಬೇರಿಗೆ ಹಸಿ ಮಣ್ಣು, ಎಲೆಯ ಮೇಲೆ ಆಗಷ್ಟೇ ಚಿಮುಕಿಸಿದ ನೀರು. ತುದಿಯ ಕಟ್ಟೊಂದು ನನ್ನತ್ತ ಬಾಗಿ, ‘ಕನ್ನಡವಾ?’ ಎಂದಿತು.

ನಾನು: ಹೌದು. ನೀನು ಹರಿವೆಯಲ್ಲವಾ?

ಹರಿವೆ: ಆ ಹೆಸರು ಕೇಳಿ ಎಷ್ಟು ಕಾಲವಾಯಿತು! ಇಲ್ಲಿ ನಾನು ಚೀರ. ಕೃಷಿ ವಿಶ್ವವಿದ್ಯಾಲಯದ ಕಡತದಲ್ಲಿ ‘ಅರುಣ್’. ಘಟ್ಟದ ಮೇಲಿನವರಿಗೆ ದಂಟು. ನೀವು ಮಾಷ್ಟ್ರೋ? ಪ್ರಶ್ನೆ ಕೇಳುವ ಮುಖ ನೋಡಿದರೇ ಗೊತ್ತಾಗುತ್ತದೆ.

ನಾನು: ನಿವೃತ್ತ. ಹಸಿರು ಸೊಪ್ಪು ರೋಗ ತಡೆಯುವ ಬಗ್ಗೆ ಎರಡು ಮಾತು ಬೇಕಿತ್ತು.

ಹರಿವೆ: ಮೊದಲು ನನ್ನ ಬಣ್ಣ ನೋಡಿ. ಕೆಂಪು. ಆದರೂ ಹಸಿರಿನವರ ಪಟ್ಟಿಯಲ್ಲಿ ಹೆಸರಿದೆ. ಈ ರಾಜಧಾನಿಯಲ್ಲಿ ಒಂದು ಬಣ್ಣ ಬಳಿದುಕೊಂಡು ಇನ್ನೊಂದು ಪಟ್ಟಿಯಲ್ಲಿ ಕೂರುವುದು ಹೊಸತಲ್ಲ, ಬಿಡಿ.

ನಾನು: ಜನ ನಿನ್ನನ್ನು ಇಷ್ಟು ಹೊಗಳುತ್ತಾರೆ. ಮುಖ ಯಾಕೆ ಬಾಡಿದೆ?

ಹರಿವೆ: ಹೊಗಳುವ ರೀತಿಗೇ! ಮೂವತ್ತು ವರ್ಷ ನನ್ನನ್ನು ತಟ್ಟೆಯ ಅಂಚಿಗೆ ದೂಡಿದವರು ಒಂದು ದಿನ ಲ್ಯಾಬಿನ ಚೀಟಿ ಹಿಡಿದು ಓಡಿ ಬರುತ್ತಾರೆ. ‘ಶುಗರಿಗೆ ಯಾವ ಸೊಪ್ಪು? ಕೊಲೆಸ್ಟರಾಲಿಗೆ ಯಾವುದು?’ ನಾನು ಮದ್ದಲ್ಲ, ಪದಾರ್ಥ. ಅನ್ನದ ಬದಿಗೆ ಬಿದ್ದು ಅದನ್ನು ಕೆಂಪು ಮಾಡಬೇಕಾದವಳು. 2023ರಲ್ಲಿ ಹೊರಬಂದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ ನೋಡಿ. ಮಧುಮೇಹದಲ್ಲಿ ಗೋವಾ, ಪುದುಚೇರಿಗಳ ಬೆನ್ನಿಗೇ ಕೇರಳ ನಿಂತಿದೆ, ನೂರಕ್ಕೆ 25.5. ಅಕ್ಷರದಲ್ಲೂ ಮುಂದು, ಸಕ್ಕರೆಯಲ್ಲೂ ಮುಂದು.

ನಾನು: ಅಂದರೆ ನಿನಗೆ ತಡೆಯುವ ಶಕ್ತಿ ಇಲ್ಲವಾ?

ಹರಿವೆ: ಇದೆ. ಆದರೆ ತಡೆದದ್ದು ಕಣ್ಣಿಗೆ ಕಾಣುವುದಿಲ್ಲವಲ್ಲ! ಆಪರೇಷನ್ ಮಾಡಿದ ಡಾಕ್ಟರರಿಗೆ ಜನ ಹಣ್ಣಿನ ಬುಟ್ಟಿ ಕೊಡುತ್ತಾರೆ. ಬಾರದೇ ಹೋದ ಪಾರ್ಶ್ವವಾಯುವಿಗಾಗಿ ಸೊಪ್ಪಿನವಳಿಗೆ ಯಾರಾದರೂ ಶಾಲು ಹೊದಿಸಿದ್ದುಂಟಾ? ನನ್ನ ನಾರು ಸಕ್ಕರೆಯನ್ನು ರಕ್ತಕ್ಕೆ ನುಗ್ಗಗೊಡದೆ ಮೆಲ್ಲಗೆ ಬಿಡುತ್ತದೆ, ಪೊಟ್ಯಾಸಿಯಂ ರಕ್ತದೊತ್ತಡವನ್ನು ಇಳಿಸುತ್ತದೆ. ಎಲ್ಲಾ ಸದ್ದಿಲ್ಲದ ಕೆಲಸ. ಫೋಲಿಕ್ ಆಮ್ಲದ ಕತೆ ಗೊತ್ತಾ? 1930ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದು ಗಿರಣಿಯಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಯ ಬೆನ್ನು ಹತ್ತಿದರು. ಊಟದಲ್ಲಿ ಏನೋ ಒಂದು ಕಡಿಮೆಯಿದೆ ಎಂದು ಅವರಿಗೆ ಖಚಿತವಾಯಿತು. ಆ ‘ಏನೋ’ ಕೈಗೆ ಸಿಕ್ಕಿದ್ದು 1941ರಲ್ಲಿ, ಅಮೆರಿಕದವರು ನಾಲ್ಕು ಟನ್ ಪಾಲಕ್ ಸೊಪ್ಪು ಹಿಂಡಿದಾಗ. ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಂ, ಅದರಿಂದಲೇ ಹೆಸರು. ಬಸುರಿಯರಿಗೆ ಕೊಡುವ ಆ ಗುಳಿಗೆ ಬೇಕೇ ಬೇಕು, ತಕರಾರಿಲ್ಲ. ಹುಟ್ಟಿದ ಮನೆ ಮರೆಯಬೇಡಿ, ಅಷ್ಟೇ.

ನಾನು: ಹಾಗಾದರೆ ನಿನ್ನ ಸಾರವನ್ನೆಲ್ಲ ತೆಗೆದು ಗುಳಿಗೆ ಮಾಡಿದರಾಯಿತಲ್ಲ?

ಹರಿವೆ: ಫಿನ್ಲೆಂಡಿನವರೂ ಹಾಗೇ ಅಂದುಕೊಂಡಿದ್ದರು. ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿ ಅರ್ಧದಷ್ಟು ಮಂದಿಗೆ ಬೀಟಾ ಕ್ಯಾರೋಟಿನ್ ನುಂಗಿಸಿದರು. 1994ರಲ್ಲಿ ಲೆಕ್ಕ ಹೊರಬಿತ್ತು: ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇಳಿಯುವ ಬದಲು ಶೇಕಡಾ 18ರಷ್ಟು ಏರಿತ್ತು. ಅದೇ ಬೀಟಾ ಕ್ಯಾರೋಟಿನ್ ನನ್ನೊಳಗೂ ಇದೆ. ಒಂದು ಹಿಡಿ ಕಾಯಿತುರಿಯ ಜಿಡ್ಡು ಸೇರಿದರೆ ಮೈಗೆ ಹತ್ತುತ್ತದೆ. ಡಬ್ಬಿಯಲ್ಲಿ ಒಂಟಿಯಾಗಿ ಕೂರಿಸಿದರೆ ಅದರ ಬುದ್ಧಿಯೇ ಬೇರೆ.

ನಾನು: ಭಾವನಿಗೆ ಆಸ್ಪತ್ರೆಯಲ್ಲಿ ಸೊಪ್ಪಿನ ವಿಷಯ ಜಾಗ್ರತೆ ಎಂದಿದ್ದಾರೆ.

(ಹರಿವೆಯ ದನಿ ತಗ್ಗಿತು.)

ಹರಿವೆ: ಸರಿಯಾಗಿಯೇ ಹೇಳಿದ್ದಾರೆ. ಶ್ರೀಚಿತ್ರಾದವರು ತಾವೇ ರೂಪಿಸಿದ ಕವಾಟವನ್ನು ಮೊದಲ ಸಲ ಮನುಷ್ಯನ ಎದೆಯೊಳಗೆ ಕೂರಿಸಿದ್ದು 1990ರ ಡಿಸೆಂಬರಿನಲ್ಲಿ. ಅಂಥ ಯಂತ್ರದ ಕವಾಟ ಇರುವವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಗುಳಿಗೆ ನುಂಗಬೇಕು. ನನ್ನೊಳಗಿರುವುದೋ ಹೆಪ್ಪುಗಟ್ಟಿಸುವ ವಿಟಮಿನ್ ಕೆ. ಅದು ಏರಿಗೆ ಎಳೆದರೆ ನಾನು ನೀರಿಗೆ. ಭಾವ ನನ್ನನ್ನು ಬಿಡಬೇಕಾಗಿಲ್ಲ. ಆದರೆ ಈ ವಾರ ಬುಟ್ಟಿಗಟ್ಟಲೆ, ಮುಂದಿನ ವಾರ ಸೊನ್ನೆ ಅಂತಾಗಬಾರದು. ಅಳತೆ ಒಂದೇ ಇರಲಿ, ಡಾಕ್ಟರರಿಗೆ ಹೇಳಿಯೇ ತಿನ್ನಲಿ. ಕಿಡ್ನಿಯಲ್ಲಿ ಕಲ್ಲಾಗುವವರಿಗೂ ನನ್ನ ಆಕ್ಸಲೇಟ್ ಒಗ್ಗುವುದಿಲ್ಲ. ಎಲೆ ಪುಡಿ ಮಾಡಿ ‘ಸರ್ವರೋಗಕ್ಕೂ’ ಎಂದು ಮಾರುವವರು ಇದನ್ನು ಡಬ್ಬಿಯ ಮೇಲೆ ಬರೆಯುತ್ತಾರಾ?

ನಾನು: ಉಳಿದವರು ದಿನಕ್ಕೆ ಎಷ್ಟು ತಿನ್ನಬೇಕು?

ಹರಿವೆ: ಹಣ್ಣು, ತರಕಾರಿ ಎಲ್ಲಾ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ, ಮರಗೆಣಸು ಲೆಕ್ಕಕ್ಕಿಲ್ಲ. ಇಲ್ಲೇ ಶ್ರೀಕಾರ್ಯದಲ್ಲಿ 1963ರಿಂದ ಗೆಡ್ಡೆಗಳಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದೆ. ಆದರೂ ಲೆಕ್ಕಕ್ಕಿಲ್ಲ ಎಂಬ ಸುದ್ದಿ ಕೇಳಿದಾಗಿನಿಂದ ನೆರೆಮನೆಯ ಮರಗೆಣಸು ನನ್ನ ಹತ್ತಿರ ಮಾತು ಬಿಟ್ಟಿದೆ.

ನಾನು: ನಮ್ಮಲ್ಲಿ ಆಟಿ ತಿಂಗಳಲ್ಲಿ ತಜಂಕಿನ ಅಂಬಡೆ, ಕೆಸುವಿನ ಪತ್ರೊಡೆ, ತಿಮರೆ ಚಟ್ನಿ...

ಹರಿವೆ: ಬಾಯಲ್ಲಿ ನೀರು ತರಿಸಬೇಡಿ, ನಾನೇ ಬಾಡಿಹೋಗುತ್ತೇನೆ. ಇಲ್ಲಿಯೂ ಅದೇ ಮಳೆಗಾಲಕ್ಕೆ ಕರ್ಕಟಕದ ಪತ್ತಿಲ, ಅಂದರೆ ಹತ್ತು ಬಗೆಯ ಎಲೆ. ಕೆಸು, ಕುಂಬಳ, ಸಿಹಿಗುಂಬಳ, ನಿಮ್ಮ ತಜಂಕ್. ಎಲ್ಲಾ ಬೇಲಿ ಬುಡದಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು. ಈಗ ಬೇಲಿ ಹೋಗಿ ಕಾಂಪೌಂಡು, ಅಂಗಳಕ್ಕೆ ಇಂಟರ್‌ಲಾಕ್. ಅದರ ಸಂದಿಯಲ್ಲಿ ತಜಂಕ್ ತಲೆಯೆತ್ತಿದರೆ ಕಳೆನಾಶಕ ಹೊಡೆಯುತ್ತಾರೆ. ಆಮೇಲೆ ಪೇಟೆಗೆ ಹೋಗಿ ದುಡ್ಡು ಕೊಟ್ಟು ಕರ್ಕಟಕ ಗಂಜಿಯ ಕಿಟ್ ತರುತ್ತಾರೆ.

ನಾನು: ನಿನ್ನ ಎಲೆಯಲ್ಲಿ ತೂತುಗಳಿವೆ.

ಹರಿವೆ: ಅದು ನನ್ನ ಸರ್ಟಿಫಿಕೇಟು. ಹುಳ ತಿಂದಿದೆ, ಸತ್ತಿಲ್ಲ. ಆದರೆ ಜನ ತೂತಿಲ್ಲದ್ದನ್ನೇ ಆರಿಸುತ್ತಾರೆ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆಯವರು ನೀವು. ನಿಮಗೆ ನಾನು ಹೇಳಿಕೊಡಬೇಕಾ?

ನಾನು ಪೆನ್ನಿನ ಮುಚ್ಚಳ ಹಾಕಿದೆ.

ಅಷ್ಟರಲ್ಲಿ ಕಂಕುಳಲ್ಲಿ ದಪ್ಪ ಫೈಲು, ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದ ಒಬ್ಬರು ಬಂದು ನಿಂತರು. ಅದೇ ತೂತಿನ ಕಟ್ಟನ್ನು ಎತ್ತಿ, ಬೇರಿನ ಮಣ್ಣು ಕೊಡವಿ, ಇದು ಶುಗರಿಗೆ ಒಳ್ಳೆಯದಾ ಎಂದು ಮಲಯಾಳದಲ್ಲಿ ಕೇಳಿದರು. ಚೇಚಿ ಉಳಿದ ಕಟ್ಟುಗಳಿಗೆ ನೀರು ಚಿಮುಕಿಸುತ್ತಾ, ತಲೆ ಎತ್ತದೆ, ‘ಚೋರಿನ್ ನಲ್ಲದಾ’ ಎಂದರು. ಅನ್ನಕ್ಕೆ ಒಳ್ಳೆಯದು.