ಎರಡೇ ಎರಡು ಬಟ್ಟೆ

ವಠಾರ ಅಂದಮೇಲೆ ಹಿತ್ತಿಲಲ್ಲಿ ಒಂದು ಒಗೆಯುವ ಕಲ್ಲು, ಪಕ್ಕದಲ್ಲೊಂದು ನಲ್ಲಿ, ಮಹಡಿಯ ಮೇಲೆ ನಾಲ್ಕು ಸಾಲು ತಂತಿ ಇರುತ್ತವೆ. ಜೊತೆಗೆ ‘ಎರಡೇ ಎರಡು ಬಟ್ಟೆ’ಯವರು ಒಬ್ಬರಿರುತ್ತಾರೆ. ಕಲ್ಲು, ನಲ್ಲಿ, ತಂತಿಗಳನ್ನು ಮನೆ ಮಾಲೀಕರು ಹಾಕಿಸಬೇಕು. ಇವರನ್ನು ಯಾರೂ ಹಾಕಿಸಬೇಕಾಗಿಲ್ಲ.

ನಂಜನಗೂಡಿನ ನಮ್ಮ ವಠಾರದಲ್ಲಿ ಆ ಸ್ಥಾನ ಹಿಂಭಾಗದ ಮನೆಯ ಅಕ್ಕನದು. ಬೆಳಿಗ್ಗೆ ನಾನು ಬಕೆಟ್ ಹಿಡಿದು ಹೋಗುವಷ್ಟರಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿಕೊಂಡು ಕಲ್ಲಿನ ಮುಂದೆ ನಿಂತಿರುತ್ತಾರೆ. ನನ್ನನ್ನು ನೋಡಿ ಮುಖ ಅರಳಿಸುತ್ತಾರೆ. ಕಲ್ಲನ್ನು ನನಗಾಗಿಯೇ ಕಾದಿಟ್ಟಿದ್ದಾರೇನೋ ಅನ್ನಿಸಬೇಕು, ಅಂಥ ನಗು.

“ಬಾರವ್ವ, ಬಾ. ಎರಡೇ ಎರಡು ಬಟ್ಟೆ ಕಣೆ, ಜಾಲಿಸಿಬಿಟ್ರೆ ಆಯ್ತು. ಅಲ್ಲೇ ಕೂತ್ಕೊ.”

ನಾನು ಕೂರುತ್ತೇನೆ. ಮೊದಲು ಒಂದು ದುಪ್ಪಟಿ ಬರುತ್ತದೆ. ಅದು ಒದ್ದೆಯಾದರೆ ಇಬ್ಬರು ಹಿಡಿದು ಹಿಂಡಬೇಕು, ಎರಡನೆಯವಳು ನಾನು. ಆಮೇಲೆ ಭಾವನ ಎರಡು ಪ್ಯಾಂಟು, ಮೊಮ್ಮಕ್ಕಳ ಯೂನಿಫಾರಂ, ದಿಂಬಿನ ಕವರು, ಕಿಟಕಿ ಪರದೆ, ಕಾಲೊರೆಸು. “ಅಕ್ಕಾ, ಎರಡು ಅಂದ್ರಲ್ಲ?” ಎಂದರೆ ಅವರಿಗೆ ನಿಜವಾಗಿಯೂ ಆಶ್ಚರ್ಯ. “ಇವೆಲ್ಲ ಬಟ್ಟೆನೇನೆ? ಇವೆಲ್ಲ ಚಿಲ್ಲರೆ. ಬಟ್ಟೆ ಅಂದ್ರೆ ಸೀರೆ. ಸೀರೆ ಎರಡೇ ಅಲ್ವಾ, ನೋಡು.” ನೋಡಿದೆ. ಸೀರೆ ಎರಡೇ ಇದ್ದವು, ಬಕೆಟ್ಟಿನ ತಳದಲ್ಲಿ. ಅಕ್ಕ ಸುಳ್ಳು ಹೇಳುವವರಲ್ಲ, ಲೆಕ್ಕ ಬೇರೆ ಅಷ್ಟೆ. ಈ ಜಾತಿಯವರನ್ನು ಹಿಡಿಯುವುದು ಕಷ್ಟವಾಗಿರುವುದೇ ಇದರಿಂದ. ಜಗಳಗಂಟರಾದರೆ ಜಗಳವಾಡಿ ಮುಗಿಸಬಹುದು. ಇವರು ಜಗಳಕ್ಕೆ ಬರುವುದಿಲ್ಲ, ಕಲ್ಲನ್ನು ಬಿಡುವುದೂ ಇಲ್ಲ.

ನಾನೂ ಒಂದು ಉಪಾಯ ಮಾಡಿ ಐದು ಗಂಟೆಗೇ ಎದ್ದು ಹೋದೆ. ಹಿತ್ತಿಲಲ್ಲಿ ನರಪಿಳ್ಳೆ ಇರಲಿಲ್ಲ. ಆದರೆ ಕಲ್ಲಿನ ಮೇಲೆ ಅರ್ಧ ಸವೆದ 501 ಬಿಲ್ಲೆಯೊಂದು ಕೂತಿತ್ತು. ಮೈಸೂರು ಬಸ್ಸಿನ ಕಿಟಕಿಯಿಂದ ಟವೆಲ್ಲು ತೂರಿಸಿ ಸೀಟು ಹಿಡಿಯುವ ಊರು ನಮ್ಮದು. ಟವೆಲ್ಲು ಕಂಡರೆ ನಿಂತುಕೊಂಡೇ ಮೈಸೂರು ಮುಟ್ಟುವ ಜನ ನಾವು. ಸೋಪು ಸರಿಸಲು ನನಗೆ ಕೈ ಬರಲಿಲ್ಲ. ಅಕ್ಕ ಆರೂವರೆಗೆ ಬಂದರು. “ಅಯ್ಯೋ, ನೀನು ಶುರು ಮಾಡ್ಕೋಬಾರ್ದಿತ್ತಾ?” ಅಂದರು. ಅಂದು, ಶುರು ಮಾಡಿಕೊಂಡರು.

ಕಲ್ಲಿನ ಕಥೆ ಇಷ್ಟಾದರೆ ಮಹಡಿಯದು ಇನ್ನೊಂದು. ಅಲ್ಲಿ ಅಕ್ಕನದು ‘ಸರಿಸುವ’ ಶಾಸ್ತ್ರ. ನೀವು ಬಟ್ಟೆ ಒಣಹಾಕಿ ಕೆಳಗಿಳಿಯುತ್ತೀರಿ. ಗಂಟೆ ಬಿಟ್ಟು ಹತ್ತಿ ನೋಡಿದರೆ ನಿಮ್ಮ ಆರು ಬಟ್ಟೆಗಳು ತಂತಿಯ ತುದಿಯಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಒಂದರ ಮೇಲೊಂದು ಮಡಚಿಕೊಂಡು ಒಂದೇ ಕ್ಲಿಪ್ಪಿನಡಿ ತೂಗುತ್ತಿರುತ್ತವೆ. ಉಳಿದ ಐದು ಕ್ಲಿಪ್ಪುಗಳು ಬಿಸಿಲಿನಲ್ಲಿ ಅಕ್ಕನ ಸೀರೆ ಕಾಯುತ್ತಿರುತ್ತವೆ. “ನಿಂದು ಒಣಗಿತ್ತಲ್ಲವ್ವ, ಒಸಿ ಸರಿಸ್ದೆ.” ನಾನು ಕಾಲರ್ ಹಿಂಡಿ ತೋರಿಸಿದೆ, ನೀರು ತೊಟ್ಟಿಕ್ಕಿತು. “ಅದು ಬೆವರಿರಬೇಕು” ಎಂದರು.

ಇಲ್ಲಿ ಮುಂದಿನ ಮನೆಯ ರಾಯರ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಹೆಂಗಸರ ದೂರು ಎಂದು ಗಂಡಸರು ಪುಟ ತಿರುಗಿಸಿಬಿಡುತ್ತಾರೆ. ರಾಯರಿಗೆ ನಿಜವಾಗಿಯೂ ಎರಡೇ ಬಟ್ಟೆ: ಒಂದು ಪಂಚೆ, ಒಂದು ಉತ್ತರೀಯ. ಆದರೆ ಅವು ಮಡಿಬಟ್ಟೆ. ಹಿಂದೆ ಹಂಚಿನ ಮನೆಗಳಲ್ಲಿ ಮಡಿಬಟ್ಟೆಯನ್ನು ಕೋಲಿನಿಂದ ಎತ್ತಿ, ಜಂತೆಗೆ ತೂಗುಹಾಕಿದ ಗಳದ ಮೇಲೆ ಹರವುತ್ತಿದ್ದರು. ಯಾರ ತಲೆಗೂ ತಾಗುತ್ತಿರಲಿಲ್ಲ, ಯಾರಿಗೂ ಅಡ್ಡಿಯಿರಲಿಲ್ಲ. ಆರ್‌ಸಿಸಿ ಮನೆಗೆ ಜಂತೆಯಿಲ್ಲ, ಗಳವಿಲ್ಲ. ಹಾಗಾಗಿ ರಾಯರ ಮಡಿ ಮಹಡಿಗೆ ಬಂತು. ಪಂಚೆಯಿಂದ ಈಚೆ ಒಂದು ಮಾರು, ಆಚೆ ಒಂದು ಮಾರು ಯಾರೂ ಸುಳಿಯುವಂತಿಲ್ಲ. ಗಾಳಿ ಬೀಸಿ ಪಂಚೆ ಹಾರಿದರೆ ಸರಹದ್ದು ಇನ್ನೂ ಎರಡು ಮಾರು ಹಿಗ್ಗುತ್ತದೆ. ಇಷ್ಟು ಬಿಗಿಯಾದ ಮಡಿಯನ್ನೂ ಅಕ್ಕ ಒಂದು ಸಲ ಸರಿಸಿದರು. ರಾಯರು ಕೂಗಾಡಿದರು. ಅಕ್ಕ, “ಕೋಲಲ್ಲೇ ಸರಿಸಿದ್ದು ರಾಯರೇ” ಎಂದರು. ರಾಯರ ಶಾಸ್ತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಮೇಲಿನ ಎರಡು ಕೋಣೆಗಳಲ್ಲಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹೋಗುವ ಹುಡುಗರಿದ್ದಾರೆ. ಅವರು ಚಂದಾ ಎತ್ತಿ ಹಳೆಯ ವಾಷಿಂಗ್ ಮೆಷಿನ್ ಒಂದನ್ನು ತಂದು ಮೆಟ್ಟಿಲ ಕೆಳಗೆ ಇಟ್ಟುಕೊಂಡರು. ಕಲ್ಲಿನ ಜಗಳ ಮೆಷಿನ್ನಿನಿಂದ ತೀರುತ್ತದೆ ಎಂದುಕೊಂಡಿದ್ದೆವು. ರಾತ್ರಿ ಪಾಳಿಯಿಂದ ಬಂದ ಹುಡುಗ ಬಟ್ಟೆ ಹಾಕಿ ಸ್ವಿಚ್ ಒತ್ತಿ ಮಲಗಿಬಿಡುತ್ತಾನೆ. ಮೆಷಿನ್ ಕೆಲಸ ಮುಗಿಸಿ ಕೂಗುತ್ತದೆ, ಅವನು ಏಳುವುದಿಲ್ಲ. ಹಗಲು ಪಾಳಿಯವನು ಬರುವ ಹೊತ್ತಿಗೆ ಒಳಗಿನ ಬಟ್ಟೆ ಹುಳಿ ವಾಸನೆ ಹೊಡೆಯುತ್ತಿರುತ್ತದೆ. ಎಬ್ಬಿಸಲು ಹೋದರೆ ಕಂಬಳಿಯೊಳಗಿಂದ ಬರುವ ಮಾತು, “ಎರಡು ನಿಮಿಷ ಬ್ರೋ.” ಎರಡು ಎಂಬ ಸಂಖ್ಯೆ ಇಲ್ಲಿಯೂ ಇದೆ ನೋಡಿ.

ಮಳೆಗಾಲ ಬಂತೆಂದರೆ ವಠಾರದ ಕಲ್ಲಿಗೆ ಇನ್ನಷ್ಟು ಬೇಡಿಕೆ. ಎಚ್.ಡಿ. ಕೋಟೆ ಕಡೆಯ ಬೀಚನಹಳ್ಳಿಯ ಕಬಿನಿ ಜಲಾಶಯ 2284 ಅಡಿಯ ಗರಿಷ್ಠ ಮಟ್ಟಕ್ಕೆ ಹತ್ತಿರವಾದಾಗ ನದಿಗೆ ನೀರು ಬಿಡುತ್ತಾರೆ. ಇಲ್ಲಿ ಕಪಿಲೆ, ಅಂದರೆ ಅದೇ ಕಬಿನಿ, ಉಕ್ಕುತ್ತಾಳೆ, ಸ್ನಾನಘಟ್ಟದ ಮೆಟ್ಟಿಲು ಮುಳುಗುತ್ತದೆ, ಹದಿನಾರು ಕಾಲು ಮಂಟಪವೂ ಮುಳುಗಿ ಪತ್ರಿಕೆಯಲ್ಲಿ ಅದರ ಫೋಟೊ ಬರುತ್ತದೆ. ಫೋಟೊದಲ್ಲಿ ಬರದ ವಿಷಯವೆಂದರೆ, ಹೊಳೆಯಲ್ಲಿ ಒಗೆಯುತ್ತಿದ್ದವರೆಲ್ಲ ಬುಟ್ಟಿ ಎತ್ತಿಕೊಂಡು ಪರಿಚಯದವರ ಹಿತ್ತಿಲು ಹುಡುಕಿಕೊಂಡು ಬರುವುದು. ಅಕ್ಕನ ಪರಿಚಯ ದೊಡ್ಡದು. “ಪಾಪ, ಹೊಳೇಲಿ ಜಾಗ ಇಲ್ವಂತೆ, ಅವರದೂ ಎರಡೇ ಬಟ್ಟೆ” ಎಂದು ನಾದಿನಿಯನ್ನು, ನಾದಿನಿಯ ಓರಗಿತ್ತಿಯನ್ನು ಕರೆತರುತ್ತಾರೆ. ಪ್ರವಾಹ ಇಳಿದ ಮೇಲೂ ಓರಗಿತ್ತಿ ಬರುತ್ತಿರುತ್ತಾಳೆ.

ಇನ್ನು ಹೊಳೆಯಲ್ಲಿ ಒಗೆಯದೆ ಬಟ್ಟೆಯನ್ನೇ ಬಿಟ್ಟುಹೋಗುವವರೂ ಇದ್ದಾರೆ. ತಾಯಿಯನ್ನು ಕೊಂದ ಪಾಪವನ್ನು ಪರಶುರಾಮ ಕಳೆದುಕೊಂಡದ್ದು ಇಲ್ಲಿನ ಕಪಿಲೆಯಲ್ಲೇ ಎಂಬ ನಂಬಿಕೆಯಿದೆ. ಅವನದು ಒಂದೇ ಪಾಪ, ಅದಕ್ಕೂ ತಪಸ್ಸು ಮಾಡಿದ. ನಮ್ಮವರು ಮೂರು ಮುಳುಗು ಹಾಕಿ, ಉಟ್ಟದ್ದನ್ನು ನೀರಿಗೆ ಬಿಟ್ಟು, ಹೊಸದು ಉಟ್ಟು ಹೊರಟರೆ ಪಾಪವೂ ಬಟ್ಟೆಯ ಜೊತೆ ಹೋಯಿತೆಂದು ಲೆಕ್ಕ. ಹೋಗುವುದೆಲ್ಲಿಗೆ? ಮುಂದಿನ ಮೆಟ್ಟಿಲಲ್ಲಿ ನಿಂತವರ ಕಾಲಿಗೆ. 2025ರ ಮಾರ್ಚಿನಲ್ಲಿ ಅರಣ್ಯ ಮತ್ತು ಪರಿಸರ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳಲ್ಲಿ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ನೀರಿಗೆ ಬಟ್ಟೆ ಎಸೆಯದಂತೆ ನೋಡಿಕೊಳ್ಳಬೇಕೆಂದು ಅಧಿಕಾರಿಗಳಿಗೆ ಸೂಚನೆ ಕೊಟ್ಟರು. ಸುದ್ದಿಯನ್ನು ಅಕ್ಕನಿಗೆ ಓದಿ ಹೇಳಿದೆ. ಗಮನವಿಟ್ಟು ಕೇಳಿ, “ಮಾರಬಾರದು ಅಂತ ತಾನೆ? ನಾನೇನು ಮಾರ್ತಿದ್ದೀನಾ?” ಎಂದು ಸೋಪು ತಿಕ್ಕಿದರು.

ನಮ್ಮ ಹಿತ್ತಿಲಿನ ರಂಪಾಟ ಸಾಕೆಂದು ತಿ. ನರಸೀಪುರದ ಚಿಕ್ಕಮ್ಮನ ಮನೆಗೆ ಹೋದರೆ ಅಲ್ಲಿ ಹೊಳೆ ಹತ್ತಿರವೇ ಇದೆ. ಕಪಿಲೆ ಅಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮ ಅನ್ನುತ್ತಾರೆ. 1989ರಲ್ಲಿ ಅಲ್ಲಿ ಕುಂಭಮೇಳವೂ ಶುರುವಾಯಿತು. ಕುಂಭಮೇಳವಿಲ್ಲದ ದಿನಗಳಲ್ಲಿ ಮೆಟ್ಟಿಲ ಮೇಲೆ ಬಟ್ಟೆಮೇಳ. ಅಲ್ಲಿನ ‘ಎರಡೇ ಎರಡು’ ಗಂಡಸು, ಲುಂಗಿಯವರು. ಬೈಕನ್ನು ನೀರಿನವರೆಗೂ ಇಳಿಸಿ ತೊಳೆಯುತ್ತಾರೆ, ಅದೂ ನಾವು ಒಗೆಯುವ ಜಾಗಕ್ಕಿಂತ ಒಂದಿಷ್ಟು ಮೇಲೆ ನಿಂತು. ಹೊಳೆಯಲ್ಲಿ ಮೇಲಿರುವವರದೇ ರಾಜ್ಯಭಾರ. ಆಯಿಲ್ಲು ತೇಲಿ ಬಂದು ನನ್ನ ಬಿಳಿ ಟವೆಲ್ಲಿಗೆ ಅಂಚು ಹಾಕಿತು. ಚಿಕ್ಕಮ್ಮ ಕೂಗಿದರು, “ಏನಪ್ಪಾ, ಕೆಳಗೆ ಜನ ಇರೋದು ಕಾಣಾಕಿಲ್ವಾ?” ಅವರು, “ಎರಡು ಚಕ್ರ ಅಷ್ಟೇ ಕನಮ್ಮ, ಆಗೋಯ್ತು” ಎಂದರು.

ಒಗೆಯುವ ಕಲ್ಲಿನ ಮಹಿಮೆ ಗೊತ್ತಾಗಬೇಕಾದರೆ ಅದೇ ಊರಿನ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಐತಿಹ್ಯ ಕೇಳಬೇಕು. ಕಾಶಿಗೆ ಹೋಗಬೇಕೆಂದು ಹಂಬಲಿಸುತ್ತಿದ್ದ ಒಬ್ಬ ಅಗಸನ ಕನಸಿನಲ್ಲಿ ಸ್ವಾಮಿ ಬಂದು, ನನಗೊಂದು ಗುಡಿ ಕಟ್ಟಿಸು, ಹಣ ನೀನು ಬಟ್ಟೆ ಒಗೆಯುವ ಕಲ್ಲಿನ ಕೆಳಗೇ ಇದೆ ಎಂದನಂತೆ. ಕಾಶಿಯ ಯೋಚನೆ ಬಿಡು, ಇದು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದೂ ಹೇಳಿದನಂತೆ. ಆ ಗುರುತಿಗೆ ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕೈ ಮುಗಿಯುವಾಗೆಲ್ಲ ನನಗೊಂದೇ ಯೋಚನೆ. ಅಗಸ ಕನಸಿನಿಂದೆದ್ದು ಓಡಿಹೋಗಿ ಕಲ್ಲು ಎತ್ತಿದ. ಅಂದರೆ ಅದರ ಮೇಲೆ ಯಾರೂ ಇರಲಿಲ್ಲ! ನಮ್ಮ ಅಕ್ಕ ಅಲ್ಲಿದ್ದಿದ್ದರೆ, “ಒಸಿ ತಡ್ಕೊಳಪ್ಪ, ಎರಡೇ ಎರಡು ಬಟ್ಟೆ” ಎನ್ನುತ್ತಿದ್ದರು. ಅವನು ಕಾದು ಕಾದು ಬೇಸತ್ತು ಕಾಶಿಗೇ ಹೊರಟುಬಿಡುತ್ತಿದ್ದ. ನರಸೀಪುರಕ್ಕೆ ಗುಡಿ ತಪ್ಪುತ್ತಿತ್ತು.

ಹಾಗಾದರೆ ಇಷ್ಟು ದಿನ ಸುಮ್ಮನಿದ್ದೀರೇಕೆ ಎಂದು ನೀವು ಕೇಳಬಹುದು. ಸುಮ್ಮನಿರಲಿಲ್ಲ. ಯುಗಾದಿ ಕಳೆದ ಮೇಲೆ ಮಾಲೀಕರನ್ನು ಕರೆಸಿ ಸಭೆ ಸೇರಿಸಿದೆವು. ಮಾಲೀಕರು ರಟ್ಟಿನ ಮೇಲೆ ಸರದಿ ಬರೆದು ನಲ್ಲಿಯ ಮೇಲೆ ಕಟ್ಟಿಸಿದರು. ಆರರಿಂದ ಏಳು ನಮ್ಮದು, ಏಳರಿಂದ ಎಂಟು ಅಕ್ಕನದು, ಹೀಗೆ. ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವರು ಅಕ್ಕ. “ಶಿಸ್ತು ಬೇಕ್ರಪ್ಪಾ, ಕೆಲವರು ತಿಳ್ಕೊಳೋದೇ ಇಲ್ಲ” ಎಂದು ರಾಯರ ಕಡೆ ನೋಡಿದರು. ಮರುದಿನ ಆರಕ್ಕೆ ಹೋದರೆ ಕಲ್ಲಿನ ಮೇಲೆ ಅಕ್ಕನ ಬಟ್ಟೆ ರಾಶಿ. ರಟ್ಟು ತೋರಿಸಿದೆ. “ಒಗೆಯೋದು ಏಳಕ್ಕೆ ಅಲ್ವಾ? ಇದು ಸೋಪು ಹಚ್ಚಿ ನೆನೆಯೋಕೆ ಬಿಟ್ಟಿರೋದು. ನೆನೆಯೋದಕ್ಕೆ ಟೈಮು ಬರೆದಿಲ್ಲವಲ್ಲ.” ರಟ್ಟನ್ನು ಮೇಲಿಂದ ಕೆಳಗೆ ಓದಿದೆ. ಬರೆದಿರಲಿಲ್ಲ.

ಆಮೇಲೆ ಸುಮ್ಮನಾದದ್ದಕ್ಕೆ ಇನ್ನೊಂದು ಕಾರಣ ಮಳೆ. ಮಧ್ಯಾಹ್ನ ನಾವೆಲ್ಲ ಕೆಲಸಕ್ಕೆ ಹೋದಾಗ ಮೋಡ ಕವಿದರೆ ಮಹಡಿಗೆ ಓಡುವವರು ಅಕ್ಕ ಒಬ್ಬರೇ. ವಠಾರದ ಬಟ್ಟೆಯನ್ನೆಲ್ಲ, ರಾಯರ ಮಡಿಯನ್ನೂ ಸೇರಿಸಿ, ಬಾಚಿ ತಂದು ಮಡಚಿಡುತ್ತಾರೆ. ಸಂಜೆ ಮನೆಮನೆಗೆ ಹಂಚುತ್ತಾರೆ. ಹಂಚುವಾಗ ವರದಿಯೂ ಇರುತ್ತದೆ, ಅಂಗಳದ ನಡುವೆ ನಿಂತು, ಬೀದಿಗೆ ಕೇಳುವಂತೆ: “ನಿಮ್ಮೆಜಮಾನ್ರ ಬನಿಯನ್ನು ಭುಜದ ಹತ್ರ ಪೂರ್ತಿ ಹೋಗಿದೆ ಕಣೆ. ಸಂಬಳ ಬಂದಾಗ ಎರಡು ತಗೋಬಾರ್ದಾ?” ನಮ್ಮ ಯಜಮಾನರು ಆವತ್ತು ಕಾಫಿಗೂ ಹೊರಗೆ ಬರಲಿಲ್ಲ. ಬಟ್ಟೆ ನೆನೆಯಲಿಲ್ಲ, ಮಾನ ಒದ್ದೆಯಾಯಿತು. ಆದರೂ ಒಣಗಿದ ಬಟ್ಟೆ ಕೈಗೆ ಕೊಟ್ಟವರ ಮುಂದೆ ಕಲ್ಲಿನ ವಿಷಯ ಎತ್ತಲು ಬಾಯಿ ಬರುತ್ತದೆಯೇ?

ಈಗ ನಮ್ಮ ಪಕ್ಕದ ಮನೆ ಖಾಲಿಯಿದೆ. ಬಾಡಿಗೆಗೆ ಬರುವವರಿದ್ದರೆ ಬನ್ನಿ. ದೇವಸ್ಥಾನ ಹತ್ತಿರ, ಬಸ್ ಸ್ಟ್ಯಾಂಡೂ ದೂರವಿಲ್ಲ. ಒಗೆಯುವ ಕಲ್ಲು ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗೆ ಖಾಲಿ ಸಿಗುತ್ತದೆ, ಅದು ಅಕ್ಕ ಊಟ ಮುಗಿಸಿ ಮಲಗುವ ಹೊತ್ತು. ಕ್ಲಿಪ್ಪು ಮಾತ್ರ ನಿಮ್ಮವೇ ತನ್ನಿ, ಗುರುತು ಹಾಕಿಕೊಂಡು. ನೀಲಿ ಬಣ್ಣದ್ದು ಬೇಡ. ನೀಲಿಯವೆಲ್ಲ ತಮ್ಮವೆಂದು ಅಕ್ಕ ಈಗಾಗಲೇ ಹೇಳಿದ್ದಾರೆ.